ಆರತಿ ನೋಡಿ ಬಾರಿಸುವ ಜಾಗಟಿ

ಸವದತ್ತಿ, ಬೈಲಹೊಂಗಲದ ಕಡೆ ಹೊತ್ತಿನ ಲೆಕ್ಕ ತಾಸಿನಲ್ಲಿ. ‘ಬಸ್ಸಿಗೆ ಇನ್ನ ಅರ್ಧಾ ತಾಸ ಐತಿ’ ಎನ್ನುತ್ತಾರೆ. ಪಾರಸಿಯಲ್ಲಿ ಬಟ್ಟಲಿಗಿದ್ದ ಈ ಹೆಸರು ಮರಾಠಿಯ ದಾರಿ ಹಿಡಿದು ಬಂತು. ಹೊತ್ತು ಸಾರಲು ಬಾರಿಸುವ ಕಂಚಿನ ತಟ್ಟೆಗೂ ಅದೇ ಹೆಸರಾಯಿತು. ಈಗ ತಟ್ಟೆ ಮರೆತುಹೋಗಿ 60 ನಿಮಿಷ ಮಾತ್ರ ಉಳಿದಿದೆ. ಗಡಿಯಾರ ಬರುವ ಮುನ್ನ, ತಳದಲ್ಲಿ ಸಣ್ಣ ತೂತಿದ್ದ ತಾಮ್ರದ ಬಟ್ಟಲನ್ನು ನೀರಿನ ಮೇಲೆ ಬಿಡುತ್ತಿದ್ದರು. ಅದು ತುಂಬಿ ಮುಳುಗಲು 24 ನಿಮಿಷ, ಅಂದರೆ ಒಂದು ಘಳಿಗೆ. ಮುಳುಗಿದ ಕೂಡಲೇ ಕಾವಲಿದ್ದವನು ತಟ್ಟೆಗೆ ಪೆಟ್ಟು ಕೊಟ್ಟು ಊರಿಗೆ ತಿಳಿಸುತ್ತಿದ್ದ.

ಅಂಥದೇ ತಟ್ಟೆ ಗುಡಿಯಲ್ಲಿ ಜಾಗಟೆ. ಇಲ್ಲಿನವರ ಬಾಯಲ್ಲಿ ಜಾಗಟಿ. ಹಳೇ ಮೈಸೂರಿನ ದಾಸಯ್ಯನ ಕೈಯಲ್ಲಿ ಶಂಖದ ಜೊತೆಗೆ, ಕಾಸರಗೋಡಿನ ಯಕ್ಷಗಾನದಲ್ಲಿ ಭಾಗವತರ ಕೈಯಲ್ಲಿ ಇರುವುದೂ ಇದೇ.

ನಾನು ಈ ಸೀಮೆಗೆ ಹೋದದ್ದು ಜಾಗಟಿ ಬಾರಿಸುವ ಒಬ್ಬ ಹಿರಿಯರನ್ನು ನೋಡಲೆಂದೇ. ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯ ಹಣಮಪ್ಪನ ಗುಡಿ ಅದು. ಹಗಲೆಲ್ಲ ಎರೆಹೊಲದಲ್ಲಿ ದುಡಿದು, ದೀಪ ಹಚ್ಚುವ ಹೊತ್ತಿಗೆ ಅವರು ಕೈಕಾಲು ತೊಳೆದು ಬರುತ್ತಾರೆ. ಎಡಗೈ ಬೆರಳಿಗೆ ದಾರ ಸುತ್ತಿ, ತಟ್ಟೆ ಮೈಗೆ ತಾಗದಂತೆ ಇಳಿಬಿಡುತ್ತಾರೆ. ಬಲಗೈಯಲ್ಲಿ ಕಟ್ಟಿಗೆಯ ಬಡಿಗೆ. ನಡುವಿಗೆ ಹೊಡೆದರೆ ದಪ್ಪ ದನಿ, ಅಂಚಿಗೆ ಸರಿದರೆ ಚುರುಕು ದನಿ. ಹೆಬ್ಬೆರಳು ಅಂಚಿಗೊತ್ತಿದರೆ ನಾದ ಅಲ್ಲೇ ಕಡಿಯುತ್ತದೆ. ಅವರು ಮಾತ್ರ ತಟ್ಟೆಯ ಕಡೆ ನೋಡುವುದೇ ಇಲ್ಲ. ಕಣ್ಣೆಲ್ಲ ಪೂಜಾರಿಯ ಕೈಯ ಮೇಲೆ. ಧೂಪ ಎತ್ತಿದಾಗ ಬಿಡಿ ಪೆಟ್ಟು, ಆರತಿ ಸುತ್ತತೊಡಗಿದಂತೆ ಜೋಡಿ ಪೆಟ್ಟು, ಕರ್ಪೂರ ಹೊತ್ತಿಕೊಂಡರೆ ಎಡೆಬಿಡದ ಓಟ. ಪೂಜಾರಿ ವಯಸ್ಸಾದವರು, ಒಮ್ಮೊಮ್ಮೆ ತೋಳು ಸೋತು ಆರತಿ ನಿಧಾನವಾಗುತ್ತದೆ. ಜಾಗಟಿಯೂ ಆಗ ನಿಧಾನವಾಗುತ್ತದೆ.

‘ಯಾರ್ ಕಲಿಸಿದ್ರೀ ಅಜ್ಜಾ?’ ಎಂದೆ.

‘ಕಲಸೂದೇನ್ ಬಂತ್ರೀ. ನಮ್ಮಪ್ಪ ಬಾರಸ್ತಿದ್ದಾ, ನಾ ಬಾಜೂಕ ನಿಂತ್ ಆರತಿ ನೋಡ್ತಿದ್ದೆ.’

ಜಾಗಟೆಯ ಒಳ್ಳೆಯ ಕಂಚಿನಲ್ಲಿ ಸುಮಾರು ಐದನೇ ಒಂದು ಪಾಲು ತವರ, ಉಳಿದದ್ದು ತಾಮ್ರ. ತಣ್ಣಗಿದ್ದಾಗ ಬಡಿದರೆ ಸೀಳುತ್ತದೆ. ಕೆಂಪಗೆ ಕಾಯಿಸಿ ಬಡಿದು, ಕಾದಿದ್ದಾಗಲೇ ನೀರಿಗೆ ಅದ್ದಬೇಕು. ಹಾಗೆ ಅದ್ದಿದ ಉಕ್ಕು ಪೆಡಸಾಗುತ್ತದೆ, ಈ ಕಂಚು ಮಾತ್ರ ಪೆಟ್ಟು ತಾಳುವ ಗುಣ ಪಡೆಯುತ್ತದೆ. ಜಾವಾದ ಗಾಂಗ್‌ಗೆ ನಡುವೆ ಉಬ್ಬು ಎಬ್ಬಿಸಿ ಸ್ವರ ಕೂಡಿಸುತ್ತಾರೆ. ನಮ್ಮದು ಚಪ್ಪಟೆ, ಅದಕ್ಕೆ ಇಂಥದೇ ಸ್ವರವೆಂದಿಲ್ಲ. ಒಮ್ಮೆ ಬಿರುಕು ಬಿಟ್ಟರೆ ಒಡಕು ದನಿಯೇ ಗತಿ, ಕರಗಿಸುವವರ ಪಾಲು.

ಈ ನಾಡಿನಲ್ಲಿ ವಾದ್ಯಗಳಿಗೇನು ಬರವಿಲ್ಲ. 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದನೆನ್ನುವ ಸವದತ್ತಿಯ ಎಲ್ಲಮ್ಮನ ಗುಡಿಯಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ‘ಉಧೋ ಉಧೋ’ ಕೂಗಿನ ನಡುವೆ ಚೌಡಿಕೆ ಮಿಡಿಯುತ್ತದೆ. ಅಕ್ಟೋಬರ್ ಬಂತೆಂದರೆ, 1824ರ ಚೆನ್ನಮ್ಮನ ಗೆಲುವಿನ ನೆನಪಿಗೆ ನಡೆಯುವ ಕಿತ್ತೂರು ಉತ್ಸವದಲ್ಲಿ ಜನಪದ ವಾದ್ಯಗಳ ಮೆರವಣಿಗೆ. ಕರಡಿ ಮಜಲಿಗೆ ಮೇಳವಿದೆ, ಜಗ್ಗಲಗಿಗೆ ತಂಡವಿದೆ. ಗುಡಿಯ ಜಾಗಟಿಗೆ ಮೇಳವೂ ಇಲ್ಲ, ತಂಡವೂ ಇಲ್ಲ. ಅದನ್ನು ಬಾರಿಸುವವರನ್ನು ಕಲಾವಿದರೆಂದು ಇಲ್ಲಿ ಯಾರೂ ಕರೆದದ್ದನ್ನು ನಾನು ಕೇಳಲಿಲ್ಲ. ಕಲೆಯಲ್ಲದೆ ಅದು ಮತ್ತೇನು?

ಈಗ ಊರೂರಿನ ಗುಡಿಗಳಿಗೆ ಕರೆಂಟಿನ ನಗಾರಿ ಬಂದಿದೆ. ಒಂದೇ ಪೆಟ್ಟಿಗೆಯಲ್ಲಿ ನಗಾರಿ, ಗಂಟೆ, ಜಾಗಟೆ. ಗುಂಡಿ ಒತ್ತಿದರೆ ಮೋಟಾರು ಎಲ್ಲವನ್ನೂ ಬಡಿಯುತ್ತದೆ. ಜನ ಸಿಗದ ಗುಡಿಗಳ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಮೋಟಾರಿಗೆ ಪೂಜಾರಿಯ ತೋಳು ಸೋತದ್ದು ಕಾಣುವುದಿಲ್ಲ. ಧೂಪಕ್ಕೂ ಕರ್ಪೂರಕ್ಕೂ ಒಂದೇ ಬಡಿತ.

ಹಿರಿಯರ ಗುಡಿಗೂ ಭಕ್ತರೊಬ್ಬರು ಅಂಥದೊಂದನ್ನು ಕೊಡಿಸಿದ್ದಾರೆ. ಶನಿವಾರ ಮಾತ್ರ ಅದನ್ನು ಬಂದ್ ಇಡುತ್ತಾರೆ, ಅಂದು ಬಡಿಗೆ ಇವರ ಕೈಗೆ. ಮೊಮ್ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಬಾಜೂಕ ನಿಂತು ಆರತಿ ನೋಡಲು ಸದ್ಯಕ್ಕೆ ಯಾರೂ ಇಲ್ಲ. ಉಳಿದ ದಿನಗಳಲ್ಲೂ ಕೈಯಿಂದಲೇ ಬಾರಿಸಲಿ, ಸಾಲಿ ಬಿಟ್ಟ ಹುಡುಗರನ್ನು ಜೊತೆಗೆ ನಿಲ್ಲಿಸೋಣ ಎಂದು ಗುಡಿಯ ಕಮಿಟಿಯವರನ್ನು ಕೇಳಿದೆ. ಜಾತ್ರಿ ಮುಗೀಲಿ, ನೋಡೂಣು ಅಂದರು.