ಫ್ಲಾಶ್ ಬೆಳಕಿಗೆ ಮೂಗುದಾರ

ಫ್ಲಾಶ್ ಹೊಡೆದರೆ ಮುಖ ಹಪ್ಪಳದ ಹಾಗೆ ಚಪ್ಪಟೆಯಾಗುತ್ತೆ ಅಂತ ನಮ್ಮಲ್ಲಿ ಬಹಳ ಜನ ಅದನ್ನು ದೂರವಿಡುತ್ತಾರೆ. ದೋಷವೆಲ್ಲ ಅದು ಕೂತ ಜಾಗದ್ದು. ಕ್ಯಾಮೆರಾದ ನೆತ್ತಿಯಿಂದ ನೇರವಾಗಿ ಬೆಳಕು ಬಿದ್ದರೆ ಮೂಗಿಗೆ ನೆರಳಿಲ್ಲ, ಕೆನ್ನೆಗೆ ಇಳಿಜಾರಿಲ್ಲ.

ನಾನಿದನ್ನು ಕಲಿತದ್ದು ಘಾಜಿಯಾಬಾದಿನಲ್ಲಿ. ಬೆಂಗಳೂರಿನ ಬಿ.ಇ.ಎಲ್. 1974ರಲ್ಲಿ ಅಲ್ಲೊಂದು ಘಟಕ ತೆರೆಯಿತು. ಆ ಕೆಲಸಕ್ಕೆಂದು ಅಲ್ಲಿಗೆ ಹೋದ ಕನ್ನಡದ ಮನೆಗಳಲ್ಲಿ ನಮ್ಮ ದೊಡ್ಡಪ್ಪನದೂ ಒಂದು. ಡಿಸೆಂಬರ್-ಜನವರಿಯ ಮಂಜಿನಲ್ಲಿ ಅಲ್ಲಿ ಎಷ್ಟೋ ದಿನ ಸೂರ್ಯನೇ ಕಾಣಿಸೋದಿಲ್ಲ. ಹೊರಗೆ ನಿಲ್ಲಿಸಿ ಫ್ಲಾಶ್ ಹೊಡೆದರೋ, ಮಂಜಿನ ಹನಿಗಳೇ ಬೆಳಗಿ ಮುಖದ ಮುಂದೆ ಬಿಳಿ ಚುಕ್ಕೆಗಳು. ಎಂಬತ್ತು ದಾಟಿದ ಅಜ್ಜಿಯದು ಪೆನ್ಷನ್ ಪುಸ್ತಕದ ಚಿತ್ರ ಬಿಟ್ಟರೆ ಬೇರೆ ಇರಲಿಲ್ಲ. ‘ಗೋಡೆಗೆ ಹಾಕೋಕೆ ಒಂದು ಚೆನ್ನಾಗಿರೋದು ತೆಗಿಯೋ’ ಅಂತ ಅವರೇ ಕೇಳಿದರು. ಯಾವಾಗ ಹಾಕೋಕೆ ಅಂತ ಯಾರೂ ಬಾಯಿ ಬಿಡಲಿಲ್ಲ.

ಮೊದಲು ಹಿಡಿಯಬೇಕಾದ್ದು ದೂರದ ಲೆಕ್ಕ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. ಫ್ಲಾಶಿನಿಂದ ಮುಖ 1 ಮೀಟರ್, ಹಿಂದಿನ ಗೋಡೆ 2 ಮೀಟರ್ ಇದ್ದರೆ ಗೋಡೆ ಕಪ್ಪಾಗಿ ಹಿಂದೆ ಸರಿಯುತ್ತೆ. ಅದೇ 3 ಮತ್ತು 4 ಮೀಟರ್ ಆದರೆ ಗೋಡೆಗೂ ಅರ್ಧಕ್ಕಿಂತ ಹೆಚ್ಚು ಬೆಳಕು. ಕ್ಯಾಲೆಂಡರು, ಮೊಳೆ ಎಲ್ಲ ಹಾಜರು!

ಗೈಡ್ ನಂಬರನ್ನು ದೂರದಿಂದ ಭಾಗಿಸಿದರೆ ಅಪರ್ಚರ್ ಸಿಗುತ್ತೆ. ಐ.ಎಸ್.ಓ. 100ಕ್ಕೆ ನಂಬರು 32, ದೂರ 4 ಮೀಟರ್ ಅಂದರೆ ಎಫ್ 8. ಛಾವಣಿಗೆ ತಿರುಗಿಸಿ ಹೊಡೆಯುವಾಗ ಬೆಳಕು ಮೇಲೆ ಹೋಗಿ ಮುಖಕ್ಕೆ ಇಳಿಯುವ ಪೂರ್ತಿ ದಾರಿ ಅಳೆಯಬೇಕು. ಸುಣ್ಣವೂ ಒಂದಷ್ಟು ನುಂಗುತ್ತೆ. ಎರಡು ಸ್ಟಾಪ್ ತೆರೆದು ಎಫ್ 4 ಇಟ್ಟು ನೋಡಿ. ಛಾವಣಿ ಬಿಳಿಯಾಗಿರಬೇಕು. ಹಸಿರು ಬಣ್ಣಕ್ಕೆ ಹೊಡೆದರೆ ಮುಖವೂ ಹಸಿರೇ.

ಆದರೆ ಮೇಲಿನ ಬೆಳಕಿಗೆ ವಯಸ್ಸಾದವರ ಕಣ್ಣಿನ ಗುಳಿ ಕಪ್ಪಾಗುತ್ತೆ. ಅವರಿಗೆ ಪಕ್ಕದ ಬೆಳಕೇ ಮೇಲು. ಉದ್ದದ ವೈರು ಹಾಕಿ ಫ್ಲಾಶನ್ನು ಕ್ಯಾಮೆರಾದಿಂದ ಇಳಿಸಿ, ಅಜ್ಜಿಯ ಎಡಕ್ಕೆ, ತಲೆಗಿಂತ ಒಂದು ಮೊಳ ಮೇಲೆ ಹಿಡಿಯೋಕೆ ದೊಡ್ಡಪ್ಪನಿಗೆ ಕೊಟ್ಟೆ. ನಡುವೆ ಒಂದು ಬಿಳಿ ಪಂಚೆ ಇಳಿಬಿಟ್ಟೆ. ಪಂಚೆಗೆ ತೀರ ಹತ್ತಿರ ಹಿಡಿದರೆ ಬೆಳಕು ಹರಡೋದಿಲ್ಲ. ಹಿಂದೆ ಸರಿದಾಗ, ಅಂಗೈಯಗಲದ ಬೆಳಕು ಬಾಗಿಲಗಲವಾಗಿ ನೆರಳಿನ ಅಂಚು ಮೆತ್ತಗಾಯಿತು. ಬಲಗಡೆ ಕುರ್ಚಿಗೆ ಹೊದಿಸಿದ ಬಿಳಿ ಬೆಡ್‌ಶೀಟು ನೆರಳನ್ನು ತುಸು ತಿಳಿಯಾಗಿಸಿತು. ‘ಈ ಗೆರೆಯೆಲ್ಲ ಯಾಕೆ ಬಂತೋ?’ ಅಂದರು ಅಜ್ಜಿ, ಚಿತ್ರ ನೋಡಿ. ಆದರೂ ಅದನ್ನೇ ತಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡರು.

ಇನ್ನು ಷಟರ್. ಅಮೆರಿಕದ ಹೆರಾಲ್ಡ್ ಎಜರ್ಟನ್ 1930ರ ದಶಕದಲ್ಲಿ ಎಲೆಕ್ಟ್ರಾನಿಕ್ ಫ್ಲಾಶಿನಿಂದ ಹಾಲಿನ ಹನಿ ಚಿಮ್ಮುವುದನ್ನೇ ಹಿಡಿದರು. ಅಷ್ಟು ಚುಟುಕು ಆ ಮಿಂಚು. ಹಾಗಾಗಿ 1/60 ಇಟ್ಟರೂ 1/15 ಇಟ್ಟರೂ ಫ್ಲಾಶಿನ ಪಾಲು ಅಷ್ಟೇ. ಬದಲಾಗೋದು ಕೋಣೆಯ ಬೆಳಕು. 1/15ರಲ್ಲಿ ಕಿಟಕಿಯ ಮಂಜಿನ ಬೂದು ಬೆಳಕೂ ಚಿತ್ರಕ್ಕೆ ಬರುತ್ತೆ. ಅದಕ್ಕೆ ಕ್ಯಾಮೆರಾ ಸ್ಟ್ಯಾಂಡ್ ಬೇಕು, ಕೂತವರು ಅಲುಗಬಾರದು. ಟ್ಯೂಬ್‌ಲೈಟ್ ಆರಿಸಿಬಿಡಿ, ಇಲ್ಲದಿದ್ದರೆ ಅದರ ಹಸಿರು ಛಾಯೆ ನೆರಳಿಗೆ ಬಂದು ಸೇರುತ್ತೆ.