ತೆವ್ಯೆಯ ಮನೆ ಕನ್ನಡಕ್ಕೆ ಬಂದ ದಾರಿ

ಜಯಂತ ಕಾಯ್ಕಿಣಿ ಅವರ ‘ಜತೆಗಿರುವನು ಚಂದಿರ’ ನಾಟಕ ಒಂದು ಮುಸ್ಲಿಂ ಮನೆಯ ಕಥೆ. ಅದರ ಬೇರು ಮಾತ್ರ ಜಾರ್ ಕಾಲದ ರಷ್ಯಾದ ಯಹೂದಿ ಹಳ್ಳಿಯೊಂದರಲ್ಲಿದೆ. ಆ ಹಳ್ಳಿಗೂ ಕನ್ನಡದ ರಂಗಕ್ಕೂ ನಡುವೆ ನ್ಯೂಯಾರ್ಕಿನ ಬ್ರಾಡ್‌ವೇ ಇದೆ, ಹಾಲಿವುಡ್ಡಿನ ಕ್ಯಾಮೆರಾ ಇದೆ. ಜತೆಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷ ಮುಂಬಯಿಯಲ್ಲಿ ಬದುಕಿ, ಚಾಳು-ಲೋಕಲ್ ಟ್ರೇನುಗಳ ಜನರನ್ನು ಕಥೆಗಳಿಗೆ ತಂದ ಗೋಕರ್ಣದ ಈ ಲೇಖಕ ಇದ್ದಾರೆ.

ಶೊಲೆಮ್ ಅಲೈಕೆಮ್ ಹುಟ್ಟಿದ್ದು 1859ರಲ್ಲಿ, ಇಂದಿನ ಯುಕ್ರೇನಿನ ಪೆರೆಯಾಸ್ಲಾವ್‌ನಲ್ಲಿ. ಬರೆದದ್ದು ಯಿದ್ದಿಷ್ ಭಾಷೆಯಲ್ಲಿ. ಹಾಲು ಮಾರುವ ತೆವ್ಯೆಯ ಮೊದಲ ಕಥೆ 1894ರದು. ಮುಂದೆ ಎರಡು ದಶಕ ಆಗಾಗ ಅವನ ಕಥೆ ಬರೆಯುತ್ತಲೇ ಹೋದರು. ತೆವ್ಯೆ ಬಡವ, ಹೆಣ್ಣುಮಕ್ಕಳ ತಂದೆ. ಅರೆಬರೆ ನೆನಪಿರುವ ಧರ್ಮಗ್ರಂಥದ ಮಾತುಗಳನ್ನು ಎಲ್ಲೆಂದರಲ್ಲಿ ಉದ್ಧರಿಸುತ್ತಾನೆ, ದೇವರ ಜತೆ ಪಕ್ಕದ ಮನೆಯವನೊಡನೆ ಎಂಬಂತೆ ಜಗಳವಾಡುತ್ತಾನೆ. ಒಬ್ಬ ಮಗಳು ಗೊತ್ತಾದ ಶ್ರೀಮಂತ ಸಂಬಂಧ ಬೇಡವೆಂದು ಬಡ ದರ್ಜಿಯನ್ನು ಬಯಸುತ್ತಾಳೆ. ಇನ್ನೊಬ್ಬಳು ಕ್ರಾಂತಿಕಾರಿಯ ಹಿಂದೆ ಹೊರಡುತ್ತಾಳೆ. ಮತ್ತೊಬ್ಬಳು ಕ್ರೈಸ್ತನನ್ನು ಮದುವೆಯಾಗುತ್ತಾಳೆ. ಮೂಲದ ಕಥೆಗಳು ಮುಂದೆ ಬಂದ ನಾಟಕಕ್ಕಿಂತ ಕಠೋರ: ಅಲ್ಲಿ ಒಬ್ಬ ಮಗಳು ನೀರಿಗೆ ಬಿದ್ದು ಸಾಯುತ್ತಾಳೆ, ಹೆಂಡತಿ ಗೋಲ್ಡೆಯೂ ತೀರಿಕೊಳ್ಳುತ್ತಾಳೆ.

1960ರ ದಶಕದ ಆರಂಭದಲ್ಲಿ ಜೋಸೆಫ್ ಸ್ಟೈನ್ ಈ ಕಥೆಗಳನ್ನು ‘ಫಿಡ್ಲರ್ ಆನ್ ದ ರೂಫ್’ ಎಂಬ ಸಂಗೀತ ನಾಟಕವಾಗಿ ರಂಗಕ್ಕೆ ಅಳವಡಿಸಿದರು. ಸಂಗೀತ ಜೆರ್ರಿ ಬಾಕ್ ಅವರದು, ಹಾಡುಗಳು ಶೆಲ್ಡನ್ ಹಾರ್ನಿಕ್ ಅವರವು. ಹಣ ಹಾಕುವವರಿಗೆ ಅನುಮಾನವಿತ್ತು. ಗಡ್ಡದ ಹಾಲಿನವನೊಬ್ಬನ ಸಂಕಟ, ಕೊನೆಗೆ ಸರ್ಕಾರದ ಆಜ್ಞೆಗೆ ಊರೇ ಖಾಲಿಯಾಗುವ ಕಥೆ, ಇದನ್ನು ಯಹೂದಿಗಳಲ್ಲದೆ ಯಾರು ನೋಡುತ್ತಾರೆ? ನಿರ್ಮಾಪಕ ಹೆರಾಲ್ಡ್ ಪ್ರಿನ್ಸ್ ಕೈಹಾಕಿದರು, ನಿರ್ದೇಶನಕ್ಕೆ ಜೆರೋಮ್ ರಾಬಿನ್ಸ್ ಬಂದರು.

ನನ್ನ ಲೆಕ್ಕದಲ್ಲಿ ಈ ನಾಟಕ ನಿಜವಾಗಿ ಹುಟ್ಟಿದ್ದು ರಾಬಿನ್ಸ್ ಬಂದ ಮೇಲೆ. ಇದು ಯಾವುದರ ಬಗ್ಗೆ ಎಂದು ಅವರು ಬರಹಗಾರರನ್ನು ಸಭೆಯಿಂದ ಸಭೆಗೆ ಕೇಳುತ್ತಲೇ ಇದ್ದರು. ಹೆಣ್ಣುಮಕ್ಕಳ ಮದುವೆಯ ಬಗ್ಗೆ, ಹಾಲಿನವನ ಬಗ್ಗೆ ಎಂಬ ಉತ್ತರಗಳು ಸಾಲಲಿಲ್ಲ. ಕೊನೆಗೆ ಯಾರೋ, ಒಂದು ಸಂಪ್ರದಾಯ ಕಣ್ಣೆದುರೇ ಕುಸಿಯುವುದರ ಬಗ್ಗೆ ಎಂದರು. ಹಾಗಾದರೆ ಮೊದಲ ಹಾಡೇ ಅದಾಗಲಿ ಎಂದರು ರಾಬಿನ್ಸ್. ಇಡೀ ಊರು ರಂಗದ ಮೇಲೆ ಬಂದು ತನ್ನ ಕಟ್ಟುಪಾಡು ಸಾರುವ ಆರಂಭದ ದೃಶ್ಯ ಹುಟ್ಟಿದ್ದು ಹಾಗೆ. ಮುಂದೆ ಒಬ್ಬೊಬ್ಬ ಮಗಳೂ ಆ ಕಟ್ಟಿನ ಒಂದೊಂದು ಗಂಟು ಬಿಚ್ಚುತ್ತಾಳೆ. ಮೂರನೆಯ ಗಂಟಿಗೆ ತಂದೆಯ ಕೈ ನಡುಗುತ್ತದೆ.

ರಾಬಿನ್ಸ್ ಅವರಿಗೆ ಇದು ಸ್ವಂತ ಲೆಕ್ಕವೂ ಆಗಿತ್ತು. ಹುಟ್ಟುಹೆಸರು ರಾಬಿನೊವಿಟ್ಜ್. ಬಾಲ್ಯದಲ್ಲಿ ಒಮ್ಮೆ ತಾಯಿಯ ಜತೆ ಅಜ್ಜನ ಊರು ರೊಜಾಂಕಾಕ್ಕೆ ಹೋಗಿದ್ದರು. ಎರಡನೇ ಮಹಾಯುದ್ಧದಲ್ಲಿ ಅಲ್ಲಿಯ ಯಹೂದಿ ಬದುಕು ನಿರ್ನಾಮವಾಯಿತು. ನಾಟಕಕ್ಕಾಗಿ ಅವರು ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿಗಳ ಮದುವೆಗಳಿಗೆ ಹೋಗಿ ಗಂಡಸರ ಕುಣಿತ ನೋಡಿದರು. ಟೋಪಿಯ ಮೇಲೆ ಬಾಟಲಿ ನಿಲ್ಲಿಸಿ ಕುಣಿಯುವ ಪ್ರಸಿದ್ಧ ನೃತ್ಯ ಬಂದದ್ದು ಅಲ್ಲಿಂದ. ರಂಗಸಜ್ಜಿಕೆ ಮಾಡಿದ ಬೋರಿಸ್ ಆರನ್ಸನ್ ಚಿತ್ರಕಾರ ಮಾರ್ಕ್ ಶಗಾಲ್‌ನ ಜಾಡು ಹಿಡಿದರು. ‘ಫಿಡ್ಲರ್ ಆನ್ ದ ರೂಫ್’ ಎಂಬ ಹೆಸರಿಗೂ ಶಗಾಲ್ ಬರೆದ ಪಿಟೀಲುಗಾರರೇ ಪ್ರೇರಣೆ.

ತಾಲೀಮಿನಲ್ಲಿ ಇನ್ನೊಂದು ಬಿಗಿತವಿತ್ತು. ಕಮ್ಯುನಿಸ್ಟರ ಬೇಟೆಯ ದಿನಗಳಲ್ಲಿ, 1953ರಲ್ಲಿ, ರಾಬಿನ್ಸ್ ಅಮೆರಿಕದ ಸಂಸದೀಯ ಸಮಿತಿಯೆದುರು ಸಹೋದ್ಯೋಗಿಗಳ ಹೆಸರು ಹೇಳಿದ್ದರು. ತೆವ್ಯೆಯ ಪಾತ್ರಧಾರಿ ಜೀರೊ ಮೊಸ್ಟೆಲ್ ಅದೇ ಬೇಟೆಯಲ್ಲಿ ಕಪ್ಪುಪಟ್ಟಿಗೆ ಸೇರಿ ವರ್ಷಗಟ್ಟಲೆ ಕೆಲಸ ಕಳೆದುಕೊಂಡವರು. ಕ್ಷಮೆಯಿಲ್ಲದೆಯೂ ಇಬ್ಬರೂ ಒಂದೇ ಕೋಣೆಯಲ್ಲಿ ದುಡಿದರು. ಮಗಳನ್ನು ಕ್ಷಮಿಸಲಾಗದ ತಂದೆಯ ನಾಟಕ ಅಂಥ ಕೋಣೆಯಲ್ಲಿ ರೂಪುಗೊಂಡಿತೆಂಬುದು ನನ್ನನ್ನು ಈಗಲೂ ಕಾಡುತ್ತದೆ.

1964ರ ಸೆಪ್ಟೆಂಬರ್ 22ರಂದು ಇಂಪೀರಿಯಲ್ ಥಿಯೇಟರಿನಲ್ಲಿ ತೆರೆ ಎದ್ದಿತು. 1972ರಲ್ಲಿ ಇಳಿಯುವ ಹೊತ್ತಿಗೆ 3,242 ಪ್ರದರ್ಶನ. ಬ್ರಾಡ್‌ವೇಯಲ್ಲಿ ಅದುವರೆಗಿನ ದಾಖಲೆ. 1967ರಲ್ಲಿ ಟೋಕಿಯೋಗೂ ಹೋಯಿತು. ಇದು ಇಷ್ಟೊಂದು ಜಪಾನಿ ಕಥೆ, ಅಮೆರಿಕದವರಿಗೆ ಅರ್ಥವಾಗುತ್ತದೆಯೇ ಎಂದು ಅಲ್ಲಿನ ನಿರ್ಮಾಪಕ ಕೇಳಿದ್ದನ್ನು ಸ್ಟೈನ್ ಮುಂದೆ ಹೇಳಿಕೊಳ್ಳುತ್ತಿದ್ದರು.

ಸಿನಿಮಾ ಬಂದದ್ದು 1971ರಲ್ಲಿ. ನಿರ್ದೇಶಕ ನಾರ್ಮನ್ ಜ್ಯೂಯಿಸನ್ ಹೆಸರು ಕೇಳಿ ಯಹೂದಿ ಎಂದುಕೊಂಡೇ ನಿರ್ಮಾಪಕರು ಕರೆದಿದ್ದರು. ಅವರು ಕೆನಡಾದ ಪ್ರಾಟೆಸ್ಟಂಟ್. ಯುಗೊಸ್ಲಾವಿಯಾದ ಹಳ್ಳಿಗಳಲ್ಲಿ ಚಿತ್ರೀಕರಣವಾಯಿತು. ಛಾಯಾಗ್ರಾಹಕ ಆಸ್ವಾಲ್ಡ್ ಮಾರಿಸ್ ಮಣ್ಣಿನ ಬಣ್ಣಕ್ಕಾಗಿ ಲೆನ್ಸಿನ ಮುಂದೆ ಹೆಂಗಸರ ಕಂದು ರೇಷ್ಮೆ ಕಾಲುಚೀಲ ಬಿಗಿದು ಆಸ್ಕರ್ ಪಡೆದರು. ಜಾನ್ ವಿಲಿಯಮ್ಸ್ ಅವರ ಮೊದಲ ಆಸ್ಕರ್ ಈ ಚಿತ್ರದ್ದೇ. ಪಿಟೀಲು ನುಡಿಸಿದವರು ಐಸಾಕ್ ಸ್ಟರ್ನ್. ಮೊಸ್ಟೆಲ್ ಬದಲು ಇಸ್ರೇಲಿನ ಟೊಪೊಲ್ ಅವರನ್ನು ಆರಿಸಿದ್ದು ಹಲವರಿಗೆ ನೋವು ತಂದಿತು. ನನಗೆ ಆ ಆಯ್ಕೆ ಸರಿಯೆನಿಸುತ್ತದೆ. ಮೊಸ್ಟೆಲ್ ಸಭಿಕರನ್ನು ಗೆಲ್ಲುವ ದೈತ್ಯ ನಟ. ಆದರೆ ಕ್ಯಾಮೆರಾ ಕೆನ್ನೆಯ ಹತ್ತಿರ ಬಂದಾಗ ಬೇಕಾದದ್ದು ಕೆಸರಲ್ಲಿ ನಿಂತು ಸುಮ್ಮನಾಗಬಲ್ಲ ಮುಖ. ಆಗಿನ್ನೂ ಮೂವತ್ತೈದರ ಟೊಪೊಲ್‌ಗೆ ಅದು ಒಲಿದಿತ್ತು.

ಈ ನಾಟಕವನ್ನು ಕನ್ನಡಕ್ಕೆ ತರುವಾಗ ಕಾಯ್ಕಿಣಿ ಸುಲಭದ ದಾರಿ ಹಿಡಿಯಬಹುದಿತ್ತು. ಮೂರು ಹೆಣ್ಣುಮಕ್ಕಳು, ಮಡಿವಂತ ತಂದೆ ಎಂದಾಗ ಕನ್ನಡದಲ್ಲಿ ಅಗ್ರಹಾರದ ಮನೆ ತಾನಾಗಿ ಎದುರು ಬರುತ್ತದೆ. ಆಗ ಸಂಪ್ರದಾಯದ ಪ್ರಶ್ನೆ ಉಳಿಯುತ್ತಿತ್ತು, ಊರು ಬಿಡಿಸುವ ಭಯ ಬಿದ್ದುಹೋಗುತ್ತಿತ್ತು. ತೆವ್ಯೆಯ ಮನೆಗೆ ಒಳಗಿನಿಂದ ಮಕ್ಕಳ ಪ್ರೀತಿ, ಹೊರಗಿನಿಂದ ಸರ್ಕಾರದ ಆಜ್ಞೆ, ಎರಡೂ ಒಟ್ಟಿಗೆ ಬಡಿಯಬೇಕು. 1947ರ ದೇಶವಿಭಜನೆಯನ್ನು ಕಂಡ ನೆಲದಲ್ಲಿ ಆ ಮನೆ ಮುಸ್ಲಿಮರದಾದಾಗ ಎರಡೂ ಹೊಡೆತ ಉಳಿದವು. ಮಗಳು ಬೇರೆ ಧರ್ಮದವನನ್ನು ಮೆಚ್ಚಿದಾಗ ತಂದೆಗಾಗುವ ದಿಗಿಲು ಬರೀ ಹಟವಲ್ಲ, ಸಣ್ಣ ಸಮುದಾಯ ಕರಗಿಹೋಗುವ ಭೀತಿಯೂ ಹೌದು ಎಂಬುದು ಪ್ರೇಕ್ಷಕರಿಗೆ ಹೇಳಿಕೊಡದೆಯೇ ತಿಳಿಯುತ್ತದೆ.

2022ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಆನವಟ್ಟಿಯಲ್ಲಿ ಈ ನಾಟಕ ನಡೆಯುತ್ತಿದ್ದಾಗ ಸಂಘಟನೆಯೊಂದರ ಕಾರ್ಯಕರ್ತರು ಬಂದು ಅರ್ಧಕ್ಕೇ ನಿಲ್ಲಿಸಿದರು. ಮುಸ್ಲಿಂ ಕುಟುಂಬದ ಕಥೆ ಎಂಬುದೇ ತಕರಾರು. ಬಣ್ಣ ಹಚ್ಚಿ ನಿಂತ ಕಲಾವಿದರಿಗೂ, ನೋಡುತ್ತ ಕೂತವರಿಗೂ ಅದು ಅನ್ಯಾಯ. ರಾಜ್ಯದ ರಂಗಕರ್ಮಿಗಳು, ಲೇಖಕರು ಪ್ರತಿಭಟಿಸಿದರು.

ಈ ನಾಟಕಕ್ಕೆ ಮುಂಬಯಿ ಪಕ್ಕದ ಠಾಣೆ ನಗರದಲ್ಲಿ ಬೇರೆಲ್ಲೂ ಸಿಗದ ಪ್ರೇಕ್ಷಕರಿದ್ದಾರೆ. ಠಾಣೆ ಬೆನೆ ಇಸ್ರೇಲ್ ಯಹೂದಿಗಳ ಊರು. ಅವರ ‘ಶಾರ್ ಹಾಶಮಾಯಿಮ್’ ಪ್ರಾರ್ಥನಾ ಮಂದಿರ 1879ರದು. ಕೊಂಕಣ ಕರಾವಳಿಯಲ್ಲಿ ಹಡಗು ಒಡೆದು ದಡ ಸೇರಿದವರ ಸಂತತಿ ತಾವೆಂಬುದು ಅವರ ನಂಬಿಕೆ. ಎಣ್ಣೆ ಗಾಣ ಅವರ ಕಸುಬು; ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ‘ಶನಿವಾರ ತೇಲಿ’ ಎಂದರು. ಮನೆಮಾತು ಮರಾಠಿ. ‘ಬೂಟ್ ಪಾಲಿಶ್’ ಚಿತ್ರದ ಜಾನ್ ಚಾಚಾ, ನಟ ಡೇವಿಡ್, ಇದೇ ಸಮುದಾಯದವರು. 1948ರ ನಂತರ ಬಹುಪಾಲು ಜನ ಇಸ್ರೇಲಿಗೆ ಹೋದರು, ಆದರೆ ಇಲ್ಲಿಂದ ಅವರನ್ನು ಯಾರೂ ಓಡಿಸಲಿಲ್ಲ. ತೆವ್ಯೆಗೆ ಸಿಗದ ಭಾಗ್ಯ ಅದು.

ಮಾಜಿವಾಡಾದಿಂದ ಗಾಯಮುಖದವರೆಗೆ ಘೋಡಬಂದರ್ ರಸ್ತೆಯುದ್ದಕ್ಕೂ ಈಗ ಕನ್ನಡದ ಮನೆಗಳಿವೆ. ಮಾನ್ಪಾಡಾ ಬಳಿ ಡಾ. ಕಾಶೀನಾಥ ಘಾಣೇಕರ್ ನಾಟ್ಯಗೃಹವಿದೆ. ಯಕ್ಷಗಾನ, ತುಳು ನಾಟಕಗಳನ್ನು ಶ್ರದ್ಧೆಯಿಂದ ಕರೆಸುವ ಇಲ್ಲಿನ ಸಂಘಗಳು ಒಂದು ದಿನ ‘ಜತೆಗಿರುವನು ಚಂದಿರ’ವನ್ನೂ ಕರೆಸಬೇಕು. ಕರೆಯೋಲೆ ಮರಾಠಿಯಲ್ಲೂ ಅಚ್ಚಾಗಲಿ, ಒಂದು ಕಟ್ಟು ಆ ಪ್ರಾರ್ಥನಾ ಮಂದಿರಕ್ಕೆ, ಇನ್ನೊಂದು ಮುಸ್ಲಿಮರು ಹೆಚ್ಚಿರುವ ಮುಂಬ್ರಾಕ್ಕೆ ಹೋಗಲಿ. ದಿನ ಶನಿವಾರವಾಗದಿದ್ದರೆ ಸಾಕು.