ಶಿಲುಬೆಯ ಮುಂದೆ ನಿಂತವರು

ಶಿಲುಬೆಗೇರಿಸುವುದು ರೋಮನ್ನರ ಕಾಲದಲ್ಲಿ ಗುಲಾಮರಿಗೂ ದಂಗೆಕೋರರಿಗೂ ಮೀಸಲಾಗಿದ್ದ ಶಿಕ್ಷೆ. ನೋವಿನಷ್ಟೇ ಅವಮಾನವೂ ಅದರ ಉದ್ದೇಶವಾಗಿತ್ತು. ಕ್ರಿ.ಶ. 26ರಿಂದ 36ರವರೆಗೆ ಯೂದಾಯದ ಅಧಿಪತಿಯಾಗಿದ್ದ ಪೊಂತಿಯ ಪಿಲಾತನು ಯೇಸುವಿಗೆ ವಿಧಿಸಿದ್ದೂ ಅದನ್ನೇ. ಚರಿತ್ರಕಾರನಿಗೆ ಇದೊಂದು ಮರಣದಂಡನೆ. ಭಕ್ತನಿಗಾದರೋ ಇದೊಂದು ಪ್ರಶ್ನೆ: ‘ಈ ಘಟನೆಯಲ್ಲಿ ನನ್ನ ಸ್ಥಾನ ಯಾವುದು?’

ಸುವಾರ್ತೆಗಳು ಈ ಪ್ರಶ್ನೆಯನ್ನು ಪಾತ್ರಗಳ ಮೂಲಕವೇ ಎತ್ತುತ್ತವೆ. ಪಿಲಾತ ಕೈತೊಳೆದುಕೊಂಡ. ಗುರುವನ್ನು ಅರಿಯೆನೆಂದು ಮೂರು ಬಾರಿ ಹೇಳಿದ ಪೇತ್ರ ಬಳಿಕ ಬಿಕ್ಕಿಬಿಕ್ಕಿ ಅತ್ತ. ದಾರಿಹೋಕನಾದ ಸೀಮೋನನ ಹೆಗಲಿಗೆ ಸೈನಿಕರು ಬಲವಂತದಿಂದ ಶಿಲುಬೆ ಹೊರಿಸಿದರು. ಜೊತೆಗೆ ಶಿಲುಬೆಗೇರಿದ ಇಬ್ಬರು ಅಪರಾಧಿಗಳಲ್ಲಿ ಒಬ್ಬ ಹಂಗಿಸಿದ, ಇನ್ನೊಬ್ಬ ತನ್ನನ್ನು ನೆನೆಯೆಂದು ಬೇಡಿದ. ಓದುವವನು ಇವರಲ್ಲಿ ಯಾರೊಬ್ಬನಲ್ಲಾದರೂ ತನ್ನನ್ನು ಕಾಣದಿರಲಾರ.

ಕಥೋಲಿಕರ ‘ಶಿಲುಬೆಯ ಹಾದಿ’ ಇದನ್ನೇ ಆಚರಣೆಗೆ ತಂದಿದೆ. ಅದರ ನಿಲುಗಡೆಗಳನ್ನು ಹದಿನಾಲ್ಕೆಂದು ನಿಗದಿಪಡಿಸಿದ್ದು 1731ರಲ್ಲಿ, ಪೋಪ್ ಹನ್ನೆರಡನೆಯ ಕ್ಲೆಮೆಂಟರ ಕಾಲದಲ್ಲಿ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 19ನೆಯ ಶತಮಾನದಲ್ಲಿ ಕಟ್ಟಿಸಿದ ಇಗರ್ಜಿ ಇಂದು ಹೇಮಾವತಿಯ ಹಿನ್ನೀರಿನಲ್ಲಿ ಪಾಳುಬಿದ್ದಿದೆ. ಆದರೆ ಈ ಹಾದಿಗೆ ಇಗರ್ಜಿಯ ಗೋಡೆಗಳೇ ಬೇಕೆಂದಿಲ್ಲ. ಬಯಲಿನಲ್ಲೂ ಗುಡ್ಡದ ಮೇಲೂ ಅದು ನಡೆಯುತ್ತದೆ. ಶುಭ ಶುಕ್ರವಾರದಂದು ಪೂಜಾಬಲಿ ಇರುವುದಿಲ್ಲ. ಭಕ್ತರು ಒಬ್ಬೊಬ್ಬರಾಗಿ ಬಂದು ಶಿಲುಬೆಯನ್ನು ಮುತ್ತಿಟ್ಟು ಹೋಗುತ್ತಾರೆ. ಒಬ್ಬರ ಪರವಾಗಿ ಮತ್ತೊಬ್ಬರು ಮುತ್ತಿಡುವಂತಿಲ್ಲ. ಪ್ರೊಟೆಸ್ಟೆಂಟರ ಅನೇಕ ದೇವಾಲಯಗಳಲ್ಲಿ ಅಂದು ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳ ಧ್ಯಾನ ನಡೆಯುತ್ತದೆ.

ಈ ಪ್ರಶ್ನೆಯನ್ನು ಬೇರೆಯವರತ್ತ ತಿರುಗಿಸಿದಾಗ ಆದ ಅನಾಹುತ ಸಣ್ಣದಲ್ಲ. ‘ಕೊಂದವರು ಅವರು’ ಎಂದು ಯೂರೋಪು ಶತಮಾನಗಳ ಕಾಲ ಯೆಹೂದ್ಯರತ್ತ ಬೆರಳು ತೋರಿಸಿತು. ಎಷ್ಟೋ ಕಡೆ ಪವಿತ್ರ ವಾರವೇ ಅವರಿಗೆ ಭೀತಿಯ ವಾರವಾಯಿತು. ಪಾಪ ಮಾಡುವ ಪ್ರತಿಯೊಬ್ಬನೂ ಈ ಮರಣಕ್ಕೆ ಹೊಣೆಯೆಂದು 1566ರ ರೋಮನ್ ಧರ್ಮೋಪದೇಶ ಗ್ರಂಥವೇ ಹೇಳಿದ್ದರೂ ಆ ಮಾತು ಜನರ ಮನಸ್ಸಿಗಿಳಿಯಲಿಲ್ಲ. ಆ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರಲ್ಲಿ.

ಕನ್ನಡದಲ್ಲಿ ಈ ಸಾವಿಗೆ ಬಂದ ದೊಡ್ಡ ಪ್ರತಿಸ್ಪಂದನ ಕ್ರೈಸ್ತನಲ್ಲದ ಕವಿಯದು ಎಂಬುದು ಗಮನಾರ್ಹ. ಮಂಜೇಶ್ವರದ ಗೋವಿಂದ ಪೈಗಳು (1883–1963) ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ ಖಂಡಕಾವ್ಯದಲ್ಲಿ ಚಿತ್ರಿಸಿದರು. ಬುದ್ಧನ ಕಡೆಯ ದಿನವೂ ಅವರಿಂದಲೇ ‘ವೈಶಾಖಿ’ಯಾಯಿತು. ಮತಾಂತರವಾಗದೆಯೂ ಪರರ ದೇವರ ನೋವಿಗೆ ಮಿಡಿಯಬಹುದೆಂಬುದಕ್ಕೆ ಇದು ನಿದರ್ಶನ.

ಆದರೂ ಕವಿಯ ಮರುಕವೂ ಭಕ್ತನ ಉತ್ತರವೂ ಒಂದೇ ಅಲ್ಲ. ‘ನನಗಾಗಿ ಸತ್ತನು’ ಎನ್ನುವವನು ಅನಂತರ ಬೇರೆ ರೀತಿ ಬಾಳಬೇಕಾಗುತ್ತದೆ. ಯೇಸು ತನ್ನನ್ನು ಕೊಂದವರಿಗೆ ಕ್ಷಮೆ ಬೇಡಿದನೆಂದು ನಂಬುವವನು ತನ್ನ ನೆರೆಯವನೊಡನೆ ಹಗೆ ಸಾಧಿಸಿದರೆ, ಅವನು ಶಿಲುಬೆಗೆ ಇಟ್ಟ ಮುತ್ತಿಗೆ ಅರ್ಥವಿರದು.